ಹಾಲು ಕೊಟ್ಟ ಕುರಿಯ ಸಾಕ್ಷಿ

ನಾನು ಹುಟ್ಟಿದ್ದು ಮಡಕಶಿರಾ ಕಡೆಯ ಒಂದು ಹಳ್ಳಿಯಲ್ಲಿ. ಮನೆಗೆ ರಾಗಿಯ ಹೊಲವಿತ್ತು, ಕಡಲೆಕಾಯಿಯ ಹೊಲವಿತ್ತು, ಹಿತ್ತಿಲಲ್ಲಿ ನಾಲ್ಕು ಕುರಿಗಳಿದ್ದವು. ಆ ನಾಲ್ಕು ಕುರಿಗಳ ಧೈರ್ಯದ ಮೇಲೆ ನಾನು ರಾಯದುರ್ಗದ ಕಡೆಯ ಕುರಿಗಾರರಿಗೇ ಕುರಿಯ ವಿಷಯ ಹೇಳಿಕೊಡಲು ಹೋದೆ. ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಮದರಾಸು ಸರ್ಕಾರದ ಕಾಲ ಅದು. ಗುಮ್ಮಘಟ್ಟದಿಂದ ಎರಡು ಹರದಾರಿ ಆಚೆಯ ಹಳ್ಳಿಯ ಬೋರ್ಡು ಶಾಲೆಗೆ ನನ್ನನ್ನು ಹಾಕಿದ್ದರು. ಅಲ್ಲಿನವರು ಮೇಷ್ಟರನ್ನು ‘ಅಯ್ಯೋರು’ ಎನ್ನುತ್ತಿದ್ದರು. ತಾಲ್ಲೂಕು ಕಚೇರಿಗೆ ಅರ್ಜಿ ಬರೆಯುವವನು ನಾನು, ಅಂಚೆಯಲ್ಲಿ ಬಂದ ಕಾಗದ ಓದಿ ಹೇಳುವವನು ನಾನು, ಕೆಮ್ಮಿಗೆ ಯಾವ ಕಷಾಯ ಎಂದು ಹೇಳುವವನೂ ನಾನೇ. ನನ್ನ ಮಾತಿನ ಧಾಟಿಯನ್ನು ಮಾತ್ರ ಹಾಸ್ಯ ಮಾಡುತ್ತಿದ್ದರು. “ಅಯ್ಯೋರು ‘ಯಾಕೆ’ ಅಂತ ಎಳಿತಾರ ನೋಡ್ರಿ, ‘ಯಾಕ’ ಅಂದ್ರ ಮುಗೀತು” ಎಂದು ನಗುತ್ತಿದ್ದರು. ಮೊದಮೊದಲು ನಾನು ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುತ್ತಿದ್ದೆ. ಎರಡು ವರ್ಷ ತುಂಬುವುದರೊಳಗೆ ಆ ಮಾತು ನನ್ನ ಬಾಯಿಂದ ಬರುವುದೇ ನಿಂತುಹೋಗಿತ್ತು.

ಊರಿನ ಕೊನೆಯ ಮನೆಯಲ್ಲಿ ಒಬ್ಬ ವಿಧವೆ ಇದ್ದಳು. ಆಕೆಗೆ ಏಳು ಕುರಿ. ಏಳೇ ಕುರಿ ಇರುವವರು ಅವನ್ನು ಬೇರೆಯಾಗಿ ಸಾಕಿ ಬದುಕುವುದು ಆಗದ ಮಾತು. ದೊಡ್ಡ ಮಂದೆಯವರ ಜೊತೆ ಸೇರಿಸಬೇಕು. ಬೇಸಿಗೆ ಹತ್ತಿರವಾಗಿ ಮಂದೆಗಳು ಮೇವು ಹುಡುಕುತ್ತ ದೂರ ಹೊರಟಾಗ ಅವನ್ನೂ ಕಳಿಸಬೇಕು. ಯಾವ ಕುರಿ ಸತ್ತಿತು, ಯಾವುದು ಈಯಿತು, ಮರಿ ಯಾರದು, ಎಲ್ಲವೂ ಬಾಯಿಮಾತಿನ ಮೇಲೆಯೇ ನಡೆಯುತ್ತಿತ್ತು. ಆದ್ದರಿಂದ ಮಾತಿನಲ್ಲಿ ಸುಳ್ಳಿದೆ ಎಂದು ಹೆಸರಾದವರ ಕುರಿಗಳನ್ನು ಯಾರೂ ತಮ್ಮ ಮಂದೆಗೆ ಸೇರಿಸಿಕೊಳ್ಳುತ್ತಿರಲಿಲ್ಲ. ಇದು ನನಗೆ ಚೆನ್ನಾಗಿ ಗೊತ್ತಿತ್ತು.

ಸಂಕ್ರಾಂತಿ ಕಳೆದ ಮೇಲೆ ಆಕೆಯ ಕುರಿಯೊಂದು ಈಯಿತು. ಎರಡೇ ದಿನದ ಮರಿ ಕಾಣೆಯಾಯಿತು. ಒಂದು ವಾರ ಅಲೆದಾಡಿ ಹುಡುಕಿದವಳು ಕೊನೆಗೆ ಅದನ್ನು ಮಂದೆಯ ಯಜಮಾನನ ದೊಡ್ಡಿಯಲ್ಲಿ ಕಂಡಳು. ನೂರಕ್ಕೆ ಮೇಲ್ಪಟ್ಟು ಕುರಿ ಇದ್ದವನು ಅವನು. ಆಕೆಯ ಏಳು ಕುರಿಗಳು ಸೇರುತ್ತಿದ್ದುದೂ ಅವನ ಮಂದೆಗೇ. ಅವನು ಮಾತ್ರ ಇದು ನಮ್ಮ ಕುರಿಯ ಮರಿ ಎಂದು ಹಟ ಹಿಡಿದ. ಇಬ್ಬರೂ ಆಂಜನೇಯನ ಗುಡಿಯ ಮುಂದಿನ ಕಟ್ಟೆಗೆ ಬಂದರು. ಅಂದು ಭಾನುವಾರ, ಶಾಲೆ ಇಲ್ಲ. ನಾನು ಆ ಕಟ್ಟೆಯ ಮೇಲೆ ಎಲ್ಲರಿಗಿಂತ ಮೇಲಿನ ಜಾಗದಲ್ಲಿ ಕೂತಿದ್ದೆ.

ಯಾರೂ ನನ್ನನ್ನು ಕೇಳಿರಲಿಲ್ಲ. “ಇದ್ರಲ್ಲಿ ಜಗಳ ಏನೈತೆ? ಕುರಿಗಳ್ನೇ ಕೇಳಾನ” ಎಂದೆ. ಎರಡೂ ಕುರಿಗಳನ್ನು ತರಿಸಿದೆ, ಮರಿಯನ್ನು ನಡುವೆ ಬಿಡಿಸಿದೆ. ಹೆತ್ತ ಕುರಿಯ ಹೊರತು ಬೇರೆ ಕುರಿ ಮರಿಯನ್ನು ಹತ್ತಿರ ಸೇರಿಸುವುದಿಲ್ಲ ಎಂದು ನಮ್ಮ ಹಿತ್ತಿಲಲ್ಲಿ ನಾನು ಕಣ್ಣಾರೆ ಕಂಡಿದ್ದೆ. ಮರಿ ಮೊದಲು ವಿಧವೆಯ ಕುರಿಯ ಬಳಿಗೆ ಹೋಯಿತು. ಅದು ಮೂಸಿ ನೋಡಿ, ತಲೆಯಿಂದ ತಿವಿದು ದೂರ ತಳ್ಳಿತು. ಯಜಮಾನನ ಕುರಿ ಮಾತ್ರ ಅದರ ಬಾಲದ ಹತ್ತಿರ ಮೂಸಿ, ಅಲುಗಾಡದೆ ನಿಂತು ಹಾಲು ಕುಡಿಸಿತು.

ನಾನು ಗೆದ್ದವನಂತೆ ಸುತ್ತ ನೋಡಿದೆ. ತೀರ್ಪು ಕೊಟ್ಟು ಸುಮ್ಮನಾಗಿದ್ದರೆ ಸಾಕಿತ್ತು. ಆದರೆ ನೂರು ಕಣ್ಣು ನನ್ನ ಮೇಲಿದ್ದಾಗ ಸುಮ್ಮನಾಗುವುದು ನನ್ನ ಜಾಯಮಾನವಲ್ಲ. “ನೋಡಮ್ಮ, ಮೂಕಪ್ರಾಣಿ ಸುಳ್ಳು ಹೇಳಾಕಿಲ್ಲ. ಸುಳ್ಳು ಹೇಳ್ದೋರು ಯಾರು ಅಂತ ಈಗ ಎಲ್ರಿಗೂ ಗೊತ್ತಾತು” ಎಂದೆ.

“ನಾ ಸುಳ್ಳು ಹೇಳಿಲ್ರಿ ಅಯ್ಯೋರ” ಎಂದಳು ಆಕೆ. ಒಂದೇ ಸಲ ಅಂದಳು. ಕುರಿಯ ಕೊರಳ ಹಗ್ಗ ಹಿಡಿದು ಹೊರಟುಹೋದಳು. ಕಟ್ಟೆಯ ಮೇಲಿದ್ದ ಒಬ್ಬರೂ ಆಕೆಯ ಕಡೆ ನೋಡಲಿಲ್ಲ.

ಆಗ ಗುಂಪಿನ ಹಿಂದಿನಿಂದ ಒಬ್ಬ ಮುದುಕಿ ಮುಂದೆ ಬಂದಳು. ಮಗಳ ಬಾಣಂತನಕ್ಕೆಂದು ಬೆಳುಗುಪ್ಪದ ಕಡೆಯಿಂದ ಬಂದಿದ್ದವಳು. ಕುರಿಯ ಹೊಟ್ಟೆಯಲ್ಲಿ ಮರಿ ಅಡ್ಡ ತಿರುಗಿದರೆ ಹತ್ತು ಊರಿನವರು ಆಕೆಯನ್ನು ಗಾಡಿ ಕಟ್ಟಿ ಕರೆದುಕೊಂಡು ಹೋಗುತ್ತಿದ್ದರಂತೆ. ಅದು ನನಗೆ ಆಮೇಲೆ ತಿಳಿಯಿತು. ಸೊಂಟದ ಕೊಡವನ್ನು ಇಳಿಸಿ ಆಕೆ ನನ್ನನ್ನು ಕೇಳಿದಳು: “ಅಯ್ಯೋರ, ನಿಮ್ಮನ್ಯಾಗ ಎಷ್ಟು ಕುರಿ ಅದಾವ್ರಿ?”

“ನಾಕು” ಎಂದೆ.

“ನಾಕ?” ಎಂದಳು. ಜನ ಗೊಳ್ಳೆಂದು ನಕ್ಕರು. ಆಕೆ ನಗಲಿಲ್ಲ. ಮರಿಯನ್ನು ಎತ್ತಿ ತೊಡೆಯ ಮೇಲೆ ಅಂಗಾತ ಮಲಗಿಸಿದಳು. ಮುಂಗಾಲಿನ ಸಂದಿಯಲ್ಲಿ ಬೆರಳಾಡಿಸಿ ಒಣಗಿದ ಚರ್ಮದ ಚೂರೊಂದನ್ನು ಬಿಡಿಸಿ ತೆಗೆದಳು. ಹೊಟ್ಟೆಯ ಮೇಲೆ ದಾರ ಒತ್ತಿ ಕೂದಲು ಸವೆದ ಗೆರೆ ಇತ್ತು, ಅದನ್ನೂ ತೋರಿಸಿದಳು. ಆಮೇಲೆ ಯಜಮಾನನ ಕಡೆ ತಿರುಗಿ, “ನಿನ್ನ ಕುರಿ ಈದ ಮರಿ ಸತ್ತಿತ್ತಲ್ಲಪ್ಪ, ಅದರ ತೊಗಲು ಎಲ್ಲಿ?” ಎಂದು ಕೇಳಿದಳು.

ಅವನು ತಲೆ ತಗ್ಗಿಸಿದ. ಮುದುಕಿ ಎಲ್ಲರಿಗೂ ಕೇಳುವಂತೆ, ಆದರೆ ನನ್ನನ್ನೇ ನೋಡುತ್ತ ಬಿಡಿಸಿ ಹೇಳಿದಳು. “ಮರಿ ಸತ್ತ ಕುರಿಗೆ ಬ್ಯಾರೆ ಮರಿ ಹಚ್ಚಬೇಕಂದ್ರ, ಸತ್ತ ಮರಿ ತೊಗಲು ಸುಲಿದು ಇದಕ್ಕ ಅಂಗಿ ಹಾಕಿದಂಗ ಕಟ್ತಾರ್ರಿ. ಕುರಿ ಮೂಸಿ ನೋಡಿ ನಂದ ಅಂತ ಹಾಲಿಗೆ ಬಿಟ್ಕಂತೈತಿ. ನಾಕು ದಿನ ಆದಮ್ಯಾಲ ತೊಗಲು ತೆಗದ್ರೂ ಮರೀನ ದೂರ ತಳ್ಳಂಗಿಲ್ಲ. ಇಷ್ಟು ದಿನ ಬ್ಯಾರೆ ವಾಸನಿ ಹತ್ತಿದ ಮರೀನ ಹೆತ್ತ ಕುರಿನೂ ಒದಿತೈತ್ರಿ. ಹಾಲು ಕುಡಿಸಿದ್ದು ತಾಯಿ ಅಂತ ಕುರಿಗಾರರು ಯಾರೂ ಹೇಳಂಗಿಲ್ಲ.”

ನಾನು ಕಟ್ಟೆಯ ಮೇಲಿದ್ದವರ ಮುಖ ನೋಡಿದೆ. “ನಿಮ್ಗೆಲ್ಲ ಇದು ಗೊತ್ತಿತ್ತಾ?” ಎಂದೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು ಕೆಮ್ಮಿದರು. “ಗೊತ್ತಿತ್ರಿ. ನೀವು ಅಷ್ಟು ಗಟ್ಟಿಯಾಗಿ ಅಂದ್ರಲ್ರಿ. ಓದಿದವ್ರು, ನಮಗ ತಿಳೀದಂಥಾದ್ದು ಏನರ ಇರಬೌದು ಅಂದ್ಕಂಡ್ವಿ.”

ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಆದರೂ ಎದ್ದು ನಿಂತೆ. ಮುದುಕಿಗೆ ಎರಡೂ ಕೈ ಜೋಡಿಸಿ, “ಅಮ್ಮಾ, ನಂಗೆ ಗೊತ್ತಿರ್ಲಿಲ್ಲ. ನಾಕು ಕುರಿ ಕಂಡೋನು ನೂರು ಕುರಿ ಮಾತಾಡ್ದೆ. ನೀವು ಹೇಳಿದ್ದೇ ಸರಿ, ನಂದೇ ತಪ್ಪು” ಎಂದೆ. ಆಕೆ ಕೊಡವನ್ನು ಸೊಂಟಕ್ಕೇರಿಸಿ, “ಇರ್ಲಿ ಬಿಡ್ರಿ” ಎಂದು ಹೊರಟಳು. ಯಜಮಾನನೂ ತಪ್ಪಾಯಿತೆಂದು ಗೊಣಗಿ, ಮರಿಯನ್ನು ಆ ವಿಧವೆಯ ಮನೆಗೆ ಕಳಿಸಿದ. ಕಟ್ಟೆ ಖಾಲಿಯಾಗುವಷ್ಟರಲ್ಲಿ ನಾನು ದೊಡ್ಡವನಾಗಿಬಿಟ್ಟಿದ್ದೆ. ಅಷ್ಟು ಓದಿದವರು ಒಬ್ಬ ಮುದುಕಿಯ ಮುಂದೆ ಕೈಮುಗಿದು ತಪ್ಪು ಒಪ್ಪಿಕೊಂಡರಲ್ಲ, ಎಂಥ ದೊಡ್ಡ ಮನಸ್ಸು ಎಂದು ಊರೆಲ್ಲ ಹೊಗಳಿತು.

ಆ ಹೊಗಳಿಕೆ ನನಗೆ ಹಿತವಾಗಿತ್ತು. ರಾಯದುರ್ಗದಲ್ಲಿ ಮೇಷ್ಟರುಗಳೆಲ್ಲ ಸೇರಿದ್ದಾಗ ನಾನೇ ಆ ಕಥೆ ಹೇಳಿ ನಗಿಸಿದೆ. “ನಾಕ?” ಎಂದು ಮುದುಕಿಯ ದನಿ ತೆಗೆದು ತೋರಿಸಿದೆ. ಕಥೆಯಲ್ಲಿ ಮುದುಕಿ ಇದ್ದಳು, ಕುರಿ ಇತ್ತು, ನಾನಿದ್ದೆ. ವಿಧವೆ ಇರಲಿಲ್ಲ. ಬೇಕೆಂದು ಬಿಟ್ಟಿದ್ದಲ್ಲ, ನೆನಪಿಗೇ ಬಂದಿರಲಿಲ್ಲ.

ಹದಿನೈದು ದಿನ ಕಳೆದಿರಬೇಕು. ಮಂದೆಗಳು ದೂರ ಹೊರಡುವ ಸಿದ್ಧತೆಯಲ್ಲಿದ್ದವು. ಸಂಜೆ ಕೆರೆಯ ಕಡೆ ಹೋದಾಗ ಆಕೆ ಏಳು ಕುರಿ, ಒಂದು ಮರಿಯನ್ನು ಒಬ್ಬಳೇ ಬದುವಿನ ಮೇಲೆ ಮೇಯಿಸುತ್ತಿರುವುದು ಕಾಣಿಸಿತು. ಒಣಗಿದ ಕಡ್ಡಿ ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ.

“ಯಾಕಮ್ಮ, ಮಂದೆಗೆ ಸೇರಿಸ್ಲಿಲ್ವಾ?” ಎಂದೆ.

“ಯಾರೂ ಸೇರಿಸ್ಕಳ್ಳವಲ್ರು” ಎಂದಳು.

“ಮರಿ ನಿಂದೇ ಅಂತ ಆತಲ್ಲ.”

ಆಕೆ ಕೋಲನ್ನು ನೆಲಕ್ಕೆ ಊರಿ ನಿಂತಳು. “ಮರಿ ನಂದಾತ್ರಿ. ಸುಳ್ಳಿ ಅನ್ನಾದು ಹಂಗ ಉಳೀತು. ಆ ಯಜಮಾನಗ ನನ್ ಮ್ಯಾಲ ಸಿಟ್ಟು. ‘ಆಕಿ ಬಾಯಿ ನಂಬಬ್ಯಾಡ್ರಿ, ಅಯ್ಯೋರ ಕಟ್ಟಿ ಮ್ಯಾಲ ಅಂದಾರ’ ಅಂತ ಎಲ್ಲಾ ಮಂದಿಯವ್ರಿಗೂ ಹೇಳ್ಯಾನ. ನೀವು ಕುರಿ ಮಾತು ತಪ್ಪಾತು ಅಂತ ಆ ಮುದುಕಿಗೆ ಕೈ ಮುಗಿದ್ರಿ. ನನ್ ಮ್ಯಾಲ ಆಡಿದ ಮಾತು ತಪ್ಪು ಅಂತ ಯಾರ ಮುಂದ ಅಂದ್ರಿ?”

ಆ ಮುದುಕಿಯ ಮುಂದೆ ಆಗಿದ್ದನ್ನು ನಾನು ನಾಚಿಕೆ ಎಂದುಕೊಂಡಿದ್ದೆ. ಅದು ಬರೀ ಮುಖಭಂಗ. ನಾಚಿಕೆ ಎಂಥದ್ದೆಂದು ನನಗೆ ತಿಳಿದದ್ದು ಆ ಬದುವಿನ ಮೇಲೆ. ಒಬ್ಬಳ ಅನ್ನಕ್ಕೆ ಕಲ್ಲು ಹಾಕಿ, ದೊಡ್ಡ ಮನಸ್ಸಿನವನೆಂದು ಹೆಸರು ಪಡೆದು ಹದಿನೈದು ದಿನ ಸುಖವಾಗಿ ಓಡಾಡಿಕೊಂಡಿದ್ದೆ.

ಮರುದಿನ ಬೆಳಿಗ್ಗೆ ಮಂದೆಯವರೆಲ್ಲ ಗುಡಿಗೆ ಕಾಯಿ ಒಡೆಸಲು ಬಂದಿದ್ದರು. ಆಕೆಯೂ ದೂರದಲ್ಲಿ ನಿಂತಿದ್ದಳು. ನಾನು ಕಟ್ಟೆ ಹತ್ತಲಿಲ್ಲ, ಕೆಳಗೇ ನಿಂತು ಅಂದಿನ ನನ್ನ ತಪ್ಪಿನ ಮಾತು ತೆಗೆದೆ. ಅಂದು ಕಟ್ಟೆಯ ಮೇಲೆ ನನ್ನ ಪಕ್ಕದಲ್ಲಿದ್ದ ಹಿರಿಯರು ಅರ್ಧಕ್ಕೇ ತಡೆದು, “ಅದನ್ನ ಅವತ್ತ ಹೇಳಿದ್ರಲ್ರಿ ಅಯ್ಯೋರ, ಮತ್ಯಾಕ?” ಎಂದರು.

“ಅವತ್ತು ಹೇಳಿದ್ದು ಕುರಿ ವಿಚಾರ” ಎಂದೆ. “ಈ ಅಮ್ಮನ ವಿಚಾರ ಹೇಳಿರ್ಲಿಲ್ಲ. ಅವ್ರು ಸುಳ್ಳು ಹೇಳಿಲ್ಲ. ತಿಳೀದೆ ಬಾಯಿಗೆ ಬಂದಂಗೆ ಮಾತಾಡಿ ಅವ್ರ ಮಾನ ಕಳ್ದೋನು ನಾನು. ನನ್ನ ಮಾತು ಹಿಡ್ಕಂಡು ಅವ್ರ ಕುರಿ ಬ್ಯಾಡ ಅನ್ಬ್ಯಾಡ್ರಿ.”

ಈ ಸಲ ಯಾರೂ ಹೊಗಳಲಿಲ್ಲ. ಯಜಮಾನ ಎಲೆಯಡಿಕೆ ಉಗುಳಿ ಬೇರೆ ಕಡೆ ನೋಡಿದ. ಕೆಲವರು ನೆಲ ನೋಡುತ್ತ ನಿಂತರು. ಕೊನೆಗೆ ಅರವತ್ತು ಕುರಿಯವನೊಬ್ಬ, “ನಾಳಿ ಹೊಡ್ಕಂಡು ಬಾರವ್ವ. ನಮ್ಮ ಜೋಡಿ ಹೋಗ್ಲಿ” ಎಂದ. ಆಕೆ ಅವನಿಗೆ ಹೂಂ ಎಂದಳು.

ಹೊರಡುವಾಗ ನನ್ನ ಪಕ್ಕದಲ್ಲೇ ಬಂದಳು. ಸುಳ್ಳೇಕೆ, ಒಂದು ಒಳ್ಳೆಯ ಮಾತು ಆಡುತ್ತಾಳೆಂದು ಆಗಲೂ ಕಾದಿದ್ದೆ. ಆಕೆ ನಿಂತು ನನ್ನ ಮುಖವನ್ನೇ ನೋಡಿ ಹೇಳಿದಳು:

“ನೀವಂದಿದ್ದಕ್ಕ ನಾ ಖರೇ ಆಗ್ಲಿಲ್ರಿ ಅಯ್ಯೋರ. ಮೊದ್ಲ ದಿನಾನೂ ಖರೇನ ಹೇಳಿದ್ದೆ.”

ಹೌದಮ್ಮ ಎಂದೆ. ಆಕೆ ಅಷ್ಟರಲ್ಲಿ ಹೋಗಿಬಿಟ್ಟಿದ್ದಳು.