ರಂಜಕ ಬಿಟ್ಟ ವರ್ಷ

ನನ್ನ ಎದೆಯುರಿಯ ವಿಷಯ ಹಿಮಾಯತ್‌ನಗರದ ಡಾಕ್ಟರಿಗೆ ಹೇಳಿದ್ದು ನಾನಲ್ಲ, ನಮ್ಮ ಅತ್ತೆ. ಕಲಬುರಗಿ ಕಡೆಯವರು. ಹೈದರಾಬಾದಿಗೆ ಬಂದು ಎಷ್ಟು ವರ್ಷವಾದರೂ ಅವರಿಗೆ ಹಿಂದಿ ಅಷ್ಟಕ್ಕಷ್ಟೆ, ಧೈರ್ಯಕ್ಕೆ ಮಾತ್ರ ಕೊರತೆ ಇರಲಿಲ್ಲ. ‘ಮೇರೀ ಬಹೂ ಕಾ ದಿಲ್ ಜಲ್ತಾ ಹೈ,’ ಅಂದುಬಿಟ್ಟರು. ಎದೆಯುರಿ ಅನ್ನಲು ಹೋಗಿ, ಸೊಸೆಯ ಮನಸ್ಸು ಉರಿಯುತ್ತದೆ ಅಂದಂತಾಯಿತು. ಡಾಕ್ಟರು ನನ್ನನ್ನೊಮ್ಮೆ, ಅವರನ್ನೊಮ್ಮೆ ನೋಡಿ, ‘ಕ್ಯಾ ಬೋಲೇ ಅಮ್ಮಾ ತುಮ್ ಉಸ್ಕೂ?’ ಅಂದರು. ಸೊಸೆಗೆ ನೀವೇನು ಅಂದಿರಿ ಅಂತ! ನಕ್ಕ ರಭಸಕ್ಕೆ ನನಗೆ ಹುಳಿ ಮತ್ತೆ ಗಂಟಲಿಗೆ ಬಂತು.

ಡಾಕ್ಟರು ಗುಳಿಗೆ ಬರೆದುಕೊಟ್ಟರು. ಊಟದ ರೀತಿ ಬದಲಿಸಿದರೆ ಕೆಲವು ತಿಂಗಳಲ್ಲಿ ಗುಳಿಗೆಯನ್ನು ನಿಧಾನಕ್ಕೆ ಬಿಡಿಸುತ್ತೇನೆ, ಆದರೆ ಖಾರ, ಚಹಾ, ತಡವಾಗಿ ಉಣ್ಣುವುದು ಎಲ್ಲ ನಿಲ್ಲಬೇಕು ಅಂದರು. ಚಹಾ ಹೋದರೆ ಹೋಗಲಿ. ನನಗೆ ಅಳು ಬಂದದ್ದು ರಂಜಕಕ್ಕೆ.

ಹಣ್ಣು ಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು, ನಿಂಬೆರಸ ಹಾಕಿ ಅರೆದು ಅತ್ತೆ ವರ್ಷಕ್ಕಾಗುವಷ್ಟು ಭರಣಿ ತುಂಬಿಡುತ್ತಿದ್ದ ಕೆಂಪು ಚಟ್ನಿ ಅದು. ಮಧ್ಯಾಹ್ನ ಅಡುಗೆಮನೆಯ ನೆಲದಲ್ಲೇ ಕೂತು, ಬಿಸಿ ರೊಟ್ಟಿಗೆ ರಂಜಕ ಸವರಿ, ಮೇಲೆ ಎಣ್ಣೆ ಬಿಟ್ಟುಕೊಂಡು ಅತ್ತೆ, ನಾನು ಇಬ್ಬರೂ ತಿನ್ನುತ್ತಿದ್ದೆವು. ಮದುವೆಯಾದ ಹೊಸದರಲ್ಲಿ ನಾವಿಬ್ಬರೂ ಜಗಳವಿಲ್ಲದೆ ಕಳೆದ ಹೊತ್ತು ಅದೊಂದೇ.

ಮಾರನೆಯ ದಿನ ಭರಣಿ ಕಾಣಲಿಲ್ಲ. ‘ಕೊಟ್ಟಬಿಟ್ಟೆ,’ ಅಂದರು ಅತ್ತೆ. ‘ಕಣ್ಣಿಗೆ ಕಂಡ್ರ ಬಾಯಿ ಕೇಳ್ತೈತಿ. ನಿನಗ ಆರಾಮ ಆಗಲಿ, ಹೊಸಾ ರಂಜಕ ಹಾಕೂಣು. ಇಬ್ರೂ ಕೂಡಿ ತಿನ್ನೂಣು.’

ಅವತ್ತಿನಿಂದ ನಮ್ಮ ತಾರ್ನಾಕದ ಮನೆಯಲ್ಲಿ ಜೋಳದ ನುಚ್ಚು, ತಿಳಿ ಮಜ್ಜಿಗೆ, ಹೆಸರುಬೇಳೆ, ಮೆಣಸಿನಕಾಯಿ ಕಾಣದ ಹೀರೇಕಾಯಿ ಪಲ್ಯ. ಸಂಜೆ ಆರೂವರೆಗೆ ಊಟ. ಮಂಚದ ತಲೆಯ ಕಡೆಗೆ ಎರಡು ಇಟ್ಟಿಗೆ ಬಂದವು. ಅದರಿಂದ ನನಗೆ ಗುಣವಾಯಿತು, ನನ್ನ ಗಂಡ ಮಾತ್ರ ಬೆಳಗಾಗುವಷ್ಟರಲ್ಲಿ ಕಾಲಕಡೆಗೆ ಜಾರಿರುತ್ತಿದ್ದರು. ಅತ್ತೆಯೂ ನನ್ನ ಜೊತೆಗೆ ಅದೇ ಸಪ್ಪೆ ಊಟ ಮಾಡುತ್ತಿದ್ದರು, ತುಟಿಪಿಟಕ್ ಅನ್ನದೆ. ಬೇಡವೆಂದು ನಾನು ಬೈದರೂ ಕೇಳಲಿಲ್ಲ.

ಅವರಿಗೆ ಹೊಸದಾಗಿ ಅಂಟಿಕೊಂಡ ಚಾಳಿ ಒಂದೇ. ಮಧ್ಯಾಹ್ನವಾದರೆ ಎದುರು ಮನೆಗೆ ಹೋಗಿ ತೆಲುಗು ಸೀರಿಯಲ್ ನೋಡುವುದು. ಬರುವಾಗ ಮೂಗು ಕೆಂಪಗಾಗಿರುತ್ತಿತ್ತು, ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ ಬರುತ್ತಿದ್ದರು.

‘ತೆಲುಗು ತಿಳೀದಿದ್ರೂ ಅಳ್ತೀರಲ್ರಿ ಅತ್ತೀ?’ ಎಂದು ಕಾಡಿಸುತ್ತಿದ್ದೆ.

‘ಅಳಾಕ ಭಾಷಾ ಯಾಕ ಬೇಕು?’ ಅನ್ನುತ್ತಿದ್ದರು.

ಎಂಟು ತಿಂಗಳಿಗೆ ಡಾಕ್ಟರು ಗುಳಿಗೆ ಪೂರ್ತಿ ನಿಲ್ಲಿಸಿದರು. ಒಂದಿಷ್ಟು ಖಾರ ತಿಂದು ನೋಡಿ ಎಂದೂ ಹೇಳಿದರು. ಸಂಕ್ರಾಂತಿ ಹೊತ್ತಿಗೆ ಹಣ್ಣು ಮೆಣಸಿನಕಾಯಿ ಬರುತ್ತವೆ, ಅಲ್ಲಿಯ ತನಕ ತಡಿ ಅಂದರು ಅತ್ತೆ. ಅವರೇ ತಡೆಯಲಿಲ್ಲ. ದೀಪಾವಳಿಯಾದ ಮೇಲೆ ಬಂದ ಜ್ವರ ನಾಲ್ಕೇ ದಿನಕ್ಕೆ ಅವರನ್ನು ಕರೆದುಕೊಂಡು ಹೋಯಿತು. ನನಗೆ ದುಃಖಕ್ಕಿಂತ ಮೊದಲು ಸಿಟ್ಟು ಬಂತು. ಮಾತು ಕೊಟ್ಟವರು ಹೀಗಾ ಹೋಗುವುದು?

ಹದಿನೈದು ದಿನ ಕಳೆದ ಮೇಲೆ ಎದುರು ಮನೆಯ ಅಮ್ಮ ಬಂದು ಒಂದು ಸ್ಟೀಲ್ ಡಬ್ಬಿ ಕೈಗಿತ್ತರು. ‘ಇದಿ ಮೀ ಅತ್ತಮ್ಮದಿ,’ ಅಂದರು. ನಿಮ್ಮ ಅತ್ತೆಯದು. ಮುಚ್ಚಳ ತೆಗೆದರೆ ತಳದಲ್ಲಿ ಎರಡು ಚಮಚ ರಂಜಕ. ಭರಣಿ ಕೊಟ್ಟದ್ದು ಅವರ ಮನೆಗೇ ಅಂತೆ. ದಿನಾ ಮಧ್ಯಾಹ್ನ ಅತ್ತೆ ಅರ್ಧ ರೊಟ್ಟಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ಅಲ್ಲಿ ತಿಂದು ಬರುತ್ತಿದ್ದರಂತೆ. ಸೊಸೆಯ ಎದುರಿಗೆ ತಿಂದರೆ ಪಾಪ ಅವಳಿಗೆ ಆಸೆಯಾಗುತ್ತದೆ ಅಂತ. ಸೀರಿಯಲ್ ಒಂದು ದಿನವೂ ನೋಡಿರಲಿಲ್ಲ.

ಎದುರು ಮನೆಯ ಅಮ್ಮ ಹೋದ ಮೇಲೆ ಒಂದು ರೊಟ್ಟಿ ಬಡಿದೆ. ಅಡುಗೆಮನೆಯ ನೆಲದಲ್ಲಿ ಕೂತು, ರಂಜಕವನ್ನೆಲ್ಲ ಬಳಿದು ಸವರಿ, ಎಣ್ಣೆ ಬಿಟ್ಟುಕೊಂಡು ತಿಂದೆ. ಕಣ್ಣು, ಮೂಗು ಎಲ್ಲ ಸುರಿಯತೊಡಗಿತು. ಮೂಗೆಳೆಯುವ ಸದ್ದು ಕೇಳಿ ಗಂಡ ಗಾಬರಿಯಿಂದ ಓಡಿಬಂದರು.

‘ಯಾಕ, ಏನಾಗಾಕತ್ತೈತಿ?’

‘ದಿಲ್ ಜಲ್ತಾ ಹೈ ರೀ,’ ಅಂದೆ.