ಬಿಚ್ಚಿ ನೋಡು ಎನ್ನುತ್ತಿದ್ದ ಅಕ್ಕ

ಅಕ್ಕನ ಬಲಗೈಯ ಮೂರು ಬೆರಳುಗಳಿಗೆ ಯಾವಾಗಲೂ ಕಪ್ಪು ಇನ್ಸುಲೇಷನ್ ಟೇಪು ಸುತ್ತಿರುತ್ತಿತ್ತು. ಕಂಪ್ಯೂಟರಿನ ಪೆಟ್ಟಿಗೆಯ ಒಳಗಿನ ತಗಡಿನ ಅಂಚು ಬ್ಲೇಡಿನಷ್ಟು ಹರಿತ. ಕೈ ಕುಯ್ದ ಕೂಡಲೇ ರಕ್ತವನ್ನು ಸೆರಗಿಗೆ ಒರೆಸಿ, ವೈರಿಗೆ ಸುತ್ತುವ ಟೇಪನ್ನೇ ಬೆರಳಿಗೆ ಸುತ್ತಿ, ಹಲ್ಲಿನಲ್ಲಿ ಕಚ್ಚಿ ಹರಿದು, ನಿಲ್ಲಿಸಿದ್ದ ಮಾತನ್ನು ಅಲ್ಲಿಂದಲೇ ಮುಂದುವರಿಸುತ್ತಿದ್ದರು. ಅವರ ಮಾತೆಂದರೆ ವಾದ. ರಕ್ತ ಸೋರಿದರೂ ಪರವಾಗಿಲ್ಲ, ವಾದ ನಿಲ್ಲಬಾರದು!

ಅವರು ನನ್ನ ಒಡಹುಟ್ಟಿದ ಅಕ್ಕನಲ್ಲ. ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ ಅವರದೊಂದು ಅಂಗಡಿ ಇತ್ತು. ಮುಂದೆ ಜೆರಾಕ್ಸು ಮತ್ತು ಟೈಪಿಂಗು, ಹಿಂದಿನ ಕೋಣೆಯಲ್ಲಿ ಕಂಪ್ಯೂಟರ್ ಜೋಡಣೆ. ಊರಿಗೆಲ್ಲ ಅವರು ಕಂಪ್ಯೂಟರ್ ಅಕ್ಕ. ಚಾಮರಾಜನಗರದಲ್ಲಿ ರೇಡಿಯೋ, ಟಿ.ವಿ. ರಿಪೇರಿ ಮಾಡುತ್ತಿದ್ದ ಅಪ್ಪನ ಪಕ್ಕದಲ್ಲಿ ಕೂತು ಕಲಿತ ವಿದ್ಯೆ ಅದು. ಮದುವೆಯಾಗಿ ಗುಂಡ್ಲುಪೇಟೆಗೆ ಬಂದ ಮೇಲೂ ಸ್ಕ್ರೂಡ್ರೈವರ್ ಕೆಳಗಿಡಲಿಲ್ಲ. ಬಸ್ ಕಂಡಕ್ಟರಾಗಿದ್ದ ಗಂಡ ಬೇಡ ಎನ್ನಲಿಲ್ಲ. ಎಂದಿದ್ದರೆ ಅವರ ಜೊತೆಗೂ ವಾದ ಆಗುತ್ತಿತ್ತು, ಅಷ್ಟೇ.

ನಾನು ಬೇಗೂರಿನಿಂದ ದಿನಾ ಬಸ್ಸಿನಲ್ಲಿ ಬಂದು ಅಲ್ಲಿ ಟೈಪಿಂಗ್ ಮಾಡುತ್ತಿದ್ದೆ. ಡಿಗ್ರಿ ಮುಗಿದಿತ್ತು, ಕುದೇರಿನ ಕಡೆಯಿಂದ ಒಂದು ಸಂಬಂಧವೂ ಬಂದಿತ್ತು. ಕಾಲು ಹಿಡಿದು ಅತ್ತು, ಒಂದು ವರ್ಷ ಕೆಲಸಕ್ಕೆ ಹೋಗುತ್ತೇನೆಂದು ಅಪ್ಪನನ್ನು ಒಪ್ಪಿಸಿದ್ದೆ. ಅಪ್ಪ ಒಂದೇ ಷರತ್ತು ಹಾಕಿದ್ದರು: "ಓಗು. ಆದ್ರೆ ನಿನ್ ಮ್ಯಾಲೆ ಒಂದೇ ಒಂದು ದೂರು ನನ್ ಕಿವಿಗೆ ಬಿತ್ತು ಅಂದ್ರೆ, ಮಾರನೇ ದಿನದಿಂದ ಹೊಸ್ಲು ದಾಟಂಗಿಲ್ಲ ಕಣಮ್ಮಿ." ಅಪ್ಪ ಹೇಳಿದರೆ ಹೇಳಿದ್ದೇ. ಹಾಗಾಗಿ ಆ ಅಂಗಡಿಯಲ್ಲಿ ನಾನು ಉಸಿರು ಬಿಗಿಹಿಡಿದೇ ಕೂರುತ್ತಿದ್ದೆ.

ಸಂಜೆ ನಾಲ್ಕೂವರೆಯಾದರೆ ಅಂಗಡಿ ಮುಂದೆ ಎರಡು ಪ್ಲಾಸ್ಟಿಕ್ ಕುರ್ಚಿ ಬೀಳುತ್ತಿದ್ದವು. ಒಂದು, ಪಕ್ಕದ ಫೋಟೋ ಸ್ಟುಡಿಯೋದವನಿಗೆ. ಇನ್ನೊಂದು, ಕಾಲೇಜಿನ ಫಿಸಿಕ್ಸ್ ಲೆಕ್ಚರರಿಗೆ. ಈ ಲೆಕ್ಚರರು ಬೇಗೂರಿನವರೇ, ನಮ್ಮ ಬೀದಿಯವರೇ, ಅಪ್ಪನ ಜೊತೆ ಕೂತು ಪೇಪರ್ ಓದುವವರು. ಟೀ ಬರುವ ಮೊದಲೇ ಜಗಳ ಶುರು. ಪ್ರೊಸೆಸರ್ ದೊಡ್ಡದೋ, ರ‍್ಯಾಮ್ ದೊಡ್ಡದೋ? ದಪ್ಪ ಮಾನಿಟರ್ ಕಣ್ಣಿಗೆ ಒಳ್ಳೆಯದೋ, ತೆಳುವಾದದ್ದೋ? ಕ್ಯಾಮೆರಾ ಇರುವ ಮೊಬೈಲ್ ಬಂದಾಗಲಂತೂ ಒಂದು ವಾರ ಅದೇ. "ಫೋನು ಮಾತಾಡಕ್ಕೆ ಇರೋದು. ಅದುಕ್ಯಾಕ್ಲಾ ಕಣ್ಣು?" ಎಂದು ಅಕ್ಕ ಸ್ಟುಡಿಯೋದವನ ಮೇಲೆ ಬಿದ್ದಿದ್ದರು. "ಅದು ಬಂದ್ರೆ ಮುಚ್ಕೊಂಡು ಓಗೋದು ನನ್ ಸ್ಟುಡಿಯೋ ಕಣಕ್ಕ, ನೀನ್ಯಾಕೆ ಬಡ್ಕತೀಯೆ" ಎಂದು ಅವನು ನಕ್ಕಿದ್ದ.

ಎಲ್ಲ ವಾದದಲ್ಲೂ ಅವರೇ ಸರಿ ಎಂದು ನಾನು ಹೇಳಲಾರೆ. ಪೆನ್ ಡ್ರೈವ್ ಎರಡು ವರ್ಷ ಬಾಳುವ ವಸ್ತುವಲ್ಲ ಎಂದು ಬಾಜಿ ಕಟ್ಟಿದ್ದರು. ಸಿ.ಡಿ.ಗೆ ಬೂಸಲು ಹಿಡಿಯುತ್ತದೆ, ಅದರಲ್ಲಿ ಏನನ್ನೂ ನಕಲು ಇಡಬಾರದು, ಒಳ್ಳೆಯ ಹಾರ್ಡ್ ಡಿಸ್ಕ್ ಇದ್ದರೆ ಸಾಕು ಎನ್ನುತ್ತಿದ್ದರು. ತಮ್ಮಲ್ಲಿ ಜೋಡಿಸಿಕೊಳ್ಳದೆ ಕಂಪನಿ ಕಂಪ್ಯೂಟರ್ ಕೊಂಡು ರಿಪೇರಿಗೆ ತಂದವರನ್ನು ಅಂಗಡಿಯಲ್ಲೇ ನಿಲ್ಲಿಸಿ ಬೈಯುತ್ತಿದ್ದರು. ಒಬ್ಬ ಪಾಪದ ವಕೀಲರು, "ಅಲ್ಲಮ್ಮ, ದುಡ್ಡು ನಂದಲ್ವಾ?" ಎಂದು ಕೇಳಿ ಹೊರಟೇ ಹೋಗಿದ್ದರು. ಇಷ್ಟು ಬಾಯಿ ಯಾಕಪ್ಪಾ ಎಂದು ನನಗೇ ಎಷ್ಟೋ ಸಲ ಅನ್ನಿಸುತ್ತಿತ್ತು.

ಆದರೆ ಒಂದು ವಾದದಲ್ಲಿ ಅವರು ಬಾಯಿಚಪಲಕ್ಕೆ ಮಾತಾಡುತ್ತಿರಲಿಲ್ಲ, ಪ್ರಾಣ ಇಟ್ಟು ಮಾತಾಡುತ್ತಿದ್ದರು. ಲೆಕ್ಚರರ ಕಾಲೇಜಿಗೆ ಹದಿನೈದು ಕಂಪ್ಯೂಟರ್ ಕೊಳ್ಳುವುದಿತ್ತು. ಯಾವುದು ಕೊಳ್ಳಬೇಕೆಂದು ತೀರ್ಮಾನಿಸುವ ಕಮಿಟಿಯಲ್ಲಿ ಲೆಕ್ಚರರ ಮಾತೇ ಮಾತು. ಅವರ ಒಲವು ಮೈಸೂರಿನ ಡೀಲರ್ ತರುವ ಕಂಪನಿ ಮಾಲಿನ ಕಡೆಗಿತ್ತು.

"ನೋಡಮ್ಮ, ಕಂಪನಿಯದಾದ್ರೆ ಮೂರು ವರ್ಷ ವಾರಂಟಿ. ಕೆಟ್ರೆ ಅವರೇ ಬರ್ತಾರೆ. ನಿಮ್ಮ ಅಸೆಂಬಲ್ಡ್ ಮಾಲಿಗೆ ಯಾರು ಜವಾಬ್ದಾರಿ?"

"ನಾನು ಕಣಿ ಸಾ. ಬೀದಿಲೇ ಇವ್ನಿ, ಎಲ್ಲಿಗೋದೇನು? ನಿಮ್ ಕಂಪನಿ ಪೆಟ್ಗೆ ಮ್ಯಾಲೆ ಒಂದು ಚೀಟಿ ಅಂಟ್ಸಿರ್ತಾರೆ ನೋಡಿ, ಬಿಚ್ಚುದ್ರೆ ವಾರಂಟಿ ಇಲ್ಲ ಅಂತ. ಬಿಚ್ಚದೆ ಐಕ್ಳು ಏನ್ ಕಲ್ತಾರು? ಟಿ.ವಿ. ನೋಡ್ದಂಗೆ ನೋಡ್ಕಂಡು ಕೂತ್ಕಂಡಾರು. ನಂಗೆ ಕೊಡಿ ಸಾ. ಹದಿನೈದೂ ಕಾಲೇಜಲ್ಲೇ ಜೋಡಿಸ್ತೀನಿ, ಎಣ್ಣೈಕ್ಳ ಕೈಲೇ ಜೋಡಿಸ್ತೀನಿ. ಕೆಟ್ರೆ ಅವ್ರೇ ಸರಿ ಮಾಡ್ಕತಾರೆ."

ಹೆಣ್ಣುಮಕ್ಕಳ ಕೈಯಲ್ಲಿ ಎನ್ನುವಾಗ ಅವರ ದನಿ ಬೇರೆಯೇ ಆಗುತ್ತಿತ್ತು. ನನಗೂ ಅವರೇ ಕಲಿಸಿದ್ದು. ಕೆಲಸಕ್ಕೆ ಸೇರಿದ ಮೊದಲ ವಾರವೇ ಒಂದು ಕೆಟ್ಟ ಪೆಟ್ಟಿಗೆಯನ್ನು ಮುಂದಿಟ್ಟು, "ಬಿಚ್ಚಿ ನೋಡು. ಎದ್ರಿಕೋಬೇಡ, ಕಚ್ಚಲ್ಲ" ಎಂದಿದ್ದರು. ಪ್ರಪಂಚದಲ್ಲಿ ಯಾರೂ ನನಗೆ ಅದುವರೆಗೆ ಒಂದು ವಸ್ತು ಕೊಟ್ಟು ಬಿಚ್ಚು ಎಂದಿರಲಿಲ್ಲ. ಮುಟ್ಟಬೇಡ ಎಂದವರೇ ಎಲ್ಲರೂ.

ಈ ವಾದ ನಡೆದಿರುವಾಗಲೇ ಲೆಕ್ಚರರು ತಮ್ಮದೊಂದು ಪುಸ್ತಕವನ್ನು ನಮ್ಮಲ್ಲಿ ಟೈಪಿಗೆ ಕೊಟ್ಟಿದ್ದರು. ಹಳ್ಳಿ ಮಕ್ಕಳಿಗೆಂದು ಕನ್ನಡದಲ್ಲಿ ಬರೆದ ಫಿಸಿಕ್ಸ್ ಪಾಠಗಳು, ಇನ್ನೂರು ಪುಟದ ಹತ್ತಿರ ಇತ್ತು. ಮೂರು ತಿಂಗಳು ನಾನೇ ಕೂತು ಟೈಪ್ ಮಾಡಿ ಮುಗಿಸುವ ಹಂತಕ್ಕೆ ತಂದಿದ್ದೆ. ಅದು ಅಕ್ಕ ಜೋಡಿಸಿದ ಕಂಪ್ಯೂಟರಿನಲ್ಲೇ ಇತ್ತು. ನಕಲು ಎಲ್ಲೂ ಇರಲಿಲ್ಲ.

ಆ ವರ್ಷದ ಆಯುಧಪೂಜೆಗೆ ಅಕ್ಕ ಚಾಮರಾಜನಗರದ ತಾಯಿ ಮನೆಗೆ ಹೊರಟರು. ಬೀಗದ ಕೈ ನನ್ನ ಕೈಗಿಟ್ಟು, "ಪೂಜೆ ಮಾಡ್ಬುಟ್ಟು ಬೀಗ ಆಕ್ಕಂಡು ಓಗು. ಮಾನಿಟರ್ ಗಾಜಿಗೆ ಒಂದು ಬೊಟ್ಟು ಕುಂಕುಮ ಸಾಕು, ತಿಳೀತಾ? ಪೆಟ್ಗೆ ತಂಟೆಗೆ ಓಗಬೇಡ" ಎಂದರು. ನಾನು ಹೂಂ ಎಂದೆ.

ಹೂಂ ಎಂದವಳು ಕೇಳಬೇಕಿತ್ತಲ್ಲ! ನಮ್ಮ ಮನೆಯಲ್ಲಿ ಆಯುಧಪೂಜೆ ಎಂದರೆ ನೇಗಿಲಿನಿಂದ ಸೈಕಲ್ಲಿನವರೆಗೆ ತೊಳೆದು, ಬೂದುಗುಂಬಳಕಾಯಿ ಹೋಳು ಮಾಡಿ, ಒಳಗೆ ಕುಂಕುಮ ತುಂಬಿ, ಆಯಾ ವಸ್ತುವಿನ ತಲೆಯ ಮೇಲಿಟ್ಟು ದೃಷ್ಟಿ ತೆಗೆಯುತ್ತಿದ್ದರು. ಅನ್ನ ಕೊಡುವ ವಸ್ತುವಿಗೆ ಒಂದು ಬೊಟ್ಟು ಇಟ್ಟು ಬಾ ಎಂದರೆ ನನ್ನ ಮನಸ್ಸು ಹೇಗೆ ಒಪ್ಪೀತು? ಅದೂ ಕಾಲೇಜಿನ ಆರ್ಡರು ಬರುವ ಹೊತ್ತು, ಅಕ್ಕನ ಮೇಲೆ ಊರ ಕಣ್ಣು. ಅವರಿಗೇ ಒಳ್ಳೆಯದಾಗಲಿ ಎಂದು ಅರ್ಧ ಕುಂಬಳಕಾಯಿ ತಂದು, ಕುಂಕುಮ ತುಂಬಿ, ಕಂಪ್ಯೂಟರ್ ಪೆಟ್ಟಿಗೆಯ ನೆತ್ತಿಯ ಮೇಲಿಟ್ಟು, ಕರ್ಪೂರ ಬೆಳಗಿ, ಕೈ ಮುಗಿದು ಬೀಗ ಹಾಕಿಕೊಂಡು ಹೋದೆ.

ಮಾರನೇ ದಿನ ವಿಜಯದಶಮಿ, ಅಂಗಡಿ ರಜ. ಅದರ ಮಾರನೇ ಬೆಳಗ್ಗೆ ಬಂದು ಕುಂಬಳಕಾಯಿ ತೆಗೆದು, ಮೇಲ್ಭಾಗ ಒರೆಸಿ, ಸ್ವಿಚ್ ಹಾಕಿದೆ. ಢಬ್ ಎಂದಿತು. ಹಿಂಬದಿಯಿಂದ ಹೊಗೆ. ನೋಡಿದರೆ, ಎರಡು ದಿನ ನೀರು ಬಿಟ್ಟ ಕುಂಬಳಕಾಯಿಯ ಕೆಂಪು ರಸ ಪೆಟ್ಟಿಗೆಯ ಬೆನ್ನ ಮೇಲೆ ಹರಿದು, ಪವರ್ ಸಪ್ಲೈ ಫ್ಯಾನಿನ ಕಿಂಡಿಯೊಳಗೆ ಇಳಿದಿತ್ತು. ಮೊದಲು ಮಾಡಿದ ಕೆಲಸ ಏನು ಗೊತ್ತೇ? ಆ ಕೆಂಪು ಗೆರೆಯನ್ನು ಬಟ್ಟೆಯಲ್ಲಿ ತಿಕ್ಕಿ ತಿಕ್ಕಿ ಒರೆಸಿದ್ದು. ಕುಂಬಳಕಾಯಿಯನ್ನು ಹಿಂದಿನ ಚರಂಡಿಗೆ ಎಸೆದದ್ದು. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

ಅಕ್ಕ ಬಸ್ಸಿಳಿದು ನೇರ ಅಂಗಡಿಗೆ ಬಂದರು. ಅವತ್ತು ಅವರ ಮುಖ ಅರಳಿತ್ತು, ಏನೋ ಹೇಳಲು ಬಾಯಿ ತೆರೆದಿದ್ದರು. "ಆನ್ ಮಾಡ್ದೆ ಅಕ್ಕ, ಸುಟ್ಟೋಯ್ತು" ಎಂದೆ. ಇನ್ನೇನೂ ಹೇಳಲಿಲ್ಲ. ಅವರು ಚೀಲ ಇಟ್ಟು ಕೂತು ಪೆಟ್ಟಿಗೆ ಬಿಚ್ಚಿದರು. ಪವರ್ ಸಪ್ಲೈ ಹೊರತೆಗೆದು ಅದರ ಮುಚ್ಚಳವನ್ನೂ ಬಿಚ್ಚಿದರು. ಪಕ್ಕದ ಹಾರ್ಡ್ ಡಿಸ್ಕಿನ ಅಡಿಯೂ ಸುಟ್ಟು ಕಪ್ಪಾಗಿತ್ತು. ಪವರ್ ಸಪ್ಲೈ ಒಳಗೆ ಕುಂಕುಮದ ಕೆಸರು ಅಂಟಿತ್ತು. ಹೊರಗೆ ಒರೆಸಿದವಳಿಗೆ ಒಳಗೆ ಕೈ ಹೋಗಿರಲಿಲ್ಲವಲ್ಲ. ಅಕ್ಕ ಅದನ್ನು ಬೆರಳಿಂದ ಮುಟ್ಟಿ, ಮೂಸಿ, ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

ಸರಿಯಾಗಿ ಅದೇ ಹೊತ್ತಿಗೆ ಲೆಕ್ಚರರು ಬಾಗಿಲಲ್ಲಿ ಬಂದು ನಿಂತರು. ಹೆಗಲಲ್ಲಿ ಬ್ಯಾಗು. ಹೊಗೆ ವಾಸನೆ ಇನ್ನೂ ಹೋಗಿರಲಿಲ್ಲ. ಅವರ ಹಿಂದೆಯೇ ಸ್ಟುಡಿಯೋದವನೂ ಇಣುಕಿದ.

"ಏನಾಯ್ತಮ್ಮ? ನನ್ನ ಪುಸ್ತಕ ಇದರಲ್ಲೇ ಅಲ್ವಾ ಇರೋದು?"

ಈಗ ಅಕ್ಕ ಒಂದು ಮಾತು ಹೇಳಿದರೆ, ಸಂಜೆ ಬಸ್ಸಿನಲ್ಲಿ ಆ ಮಾತು ಬೇಗೂರು ಸೇರುತ್ತದೆ, ರಾತ್ರಿ ಊಟದ ಹೊತ್ತಿಗೆ ಅಪ್ಪನಿಗೆ ಮುಟ್ಟುತ್ತದೆ. ಅಪ್ಪನ ಷರತ್ತು ಅಕ್ಕನಿಗೂ ಗೊತ್ತಿತ್ತು.

ಅಕ್ಕ ಮುಚ್ಚಳವನ್ನು ಪಟ್ಟನೆ ಮುಚ್ಚಿದರು. "ಪವರ್ ಸಪ್ಲೈ ಕಣಿ ಸಾ. ನಾನೇ ತಂದಾಕಿದ್ದು, ಕಳಪೆ ಮಾಲು. ಆರ್ಡ್ ಡಿಸ್ಕನ್ನೂ ಸುಟ್ಟಾಕ್ಬುಟ್ಟದೆ. ತಪ್ಪು ನಂದೇ. ನಿಮ್ ಪುಸ್ತಕ ನಾನು ತಿರ್ಗಾ ಟೈಪ್ ಮಾಡ್ಕೊಡ್ತೀನಿ."

ಲೆಕ್ಚರರು ಬ್ಯಾಗಿನ ಮೇಲಿಟ್ಟಿದ್ದ ಕೈ ತೆಗೆದರು. ಆಮೇಲೆ, "ನಾನು ಇದನ್ನೇ ಅಲ್ವೇನಮ್ಮ ಹೇಳ್ತಿದ್ದಿದ್ದು" ಎಂದರು. ಸಿಟ್ಟಿನಿಂದಲ್ಲ, ಬೇಸರದಿಂದ. ಹಾಗೆಂದು ಹೊರಟುಹೋದರು.

ಮಾರನೇ ದಿನ ಅಕ್ಕ ನನ್ನೊಡನೆ ಆ ವಿಷಯ ಒಂದೇ ಒಂದು ಸಲ ಎತ್ತಿದರು. "ಬೂದುಗುಂಬಳ ಮಜ್ಜಿಗೆಹುಳಿಗೇ ಚಂದ ಕಣಮ್ಮಿ. ಮಿಷಿನ್ ಮ್ಯಾಲೆ ಮಡಗಬೇಡ" ಎಂದರು. ಅಷ್ಟೇ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಕೈಬರಹದ ಹಾಳೆಗಳು ಇದ್ದವು, ಪುಣ್ಯಕ್ಕೆ. ನಾವಿಬ್ಬರೂ ಸರದಿಯಲ್ಲಿ ಕೂತು ಇನ್ನೂರು ಪುಟ ಮತ್ತೆ ಟೈಪ್ ಮಾಡಿದೆವು. ಕಾಲೇಜಿಗೆ ಮೈಸೂರಿನ ಡೀಲರ್ ಕಂಪನಿ ಕಂಪ್ಯೂಟರ್ ಇಳಿಸಿ ಹೋದ. ಚೀಟಿ ಹರಿದೀತು, ವಾರಂಟಿ ಹೋದೀತು ಎಂಬ ಭಯಕ್ಕೆ ಅವುಗಳಿಗೆ ಬಟ್ಟೆ ಹೊದಿಸಿ ಕೋಣೆಗೆ ಬೀಗ ಹಾಕಿಟ್ಟರು. ವಾರಕ್ಕೊಮ್ಮೆ ಬೀಗ ತೆಗೆದಾಗ ಮಕ್ಕಳು ಚಪ್ಪಲಿ ಬಿಟ್ಟು, ಕೈಕಟ್ಟಿ ನಿಂತು ನೋಡಿ ಬರುತ್ತಿದ್ದರು. ಒಂದು ಹುಡುಗಿಯೂ ಒಂದು ಸ್ಕ್ರೂ ಬಿಚ್ಚಲಿಲ್ಲ.

ಅಕ್ಕ ಬದಲಾದದ್ದು ಆಮೇಲೆ. ಕಂಪ್ಯೂಟರ್ ಜೋಡಿಸಿಕೊಡಿ ಎಂದು ಬರುವವರು ಕಡಿಮೆಯಾದರು. ಸುಟ್ಟ ಸುದ್ದಿ ಊರೆಲ್ಲ ಹಬ್ಬಿತ್ತು. ಸಂಜೆ ಕುರ್ಚಿ ಬೀಳುತ್ತಿದ್ದವು, ಟೀ ಬರುತ್ತಿತ್ತು. ಸ್ಟುಡಿಯೋದವನು ಬೇಕೆಂದೇ ಕೆಣಕುತ್ತಿದ್ದ: "ಅಕ್ಕ, ಲ್ಯಾಪ್‌ಟಾಪ್ ಬಂದ್ರೆ ನಿನ್ ಪೆಟ್ಗೆ ಕಥೆ ಮುಗೀತಲ್ಲ?" ಅಕ್ಕ ಬಗ್ಗಿದ ತಲೆ ಎತ್ತದೆ, "ನಂಗೇನ್ ಗೊತ್ತು ಬುಡ್ಲಾ" ಎನ್ನುತ್ತಿದ್ದರು. ಆ ಬಾಯಲ್ಲಿ ಆ ಮಾತು! ಪಕ್ಕದಲ್ಲಿ ಕೂತು ಟೈಪ್ ಮಾಡುತ್ತಿದ್ದ ನನಗೆ ಎದ್ದು ನಿಂತು ಕಿರುಚಬೇಕು ಎನ್ನಿಸುತ್ತಿತ್ತು. ಕಿರುಚಲಿಲ್ಲ. ಹೇಳಲು ಸಾವಿರ ಸಂಜೆ ಇದ್ದವು, ಒಂದು ಸಂಜೆಯೂ ಹೇಳಲಿಲ್ಲ. ಹೇಡಿ ನಾನು.

ದೂರು ಬರಲಿಲ್ಲವಾದ್ದರಿಂದ ಒಂದು ವರ್ಷ ನಾಲ್ಕು ವರ್ಷವಾಯಿತು. ಅಕ್ಕ ಕಲಿಸಿದ ವಿದ್ಯೆಯಿಂದಲೇ ನನಗೆ ಚಾಮರಾಜನಗರದ ಒಂದು ಶಾಲೆಯಲ್ಲಿ ಕಂಪ್ಯೂಟರ್ ಟೀಚರ್ ಕೆಲಸ ಸಿಕ್ಕಿತು. ಎರಡು ವರ್ಷದ ಮೇಲೆ ಒಂದು ದಿನ ಪಾಠದ ನಡುವೆ ಫೋನ್ ಬಂತು. ಎದೆನೋವೆಂದು ಮೈಸೂರಿಗೆ ಕರೆದೊಯ್ಯುವಾಗ ದಾರಿಯಲ್ಲೇ ಅಕ್ಕ ಹೋಗಿಬಿಟ್ಟಿದ್ದರು. ಐವತ್ತು ಕೂಡ ಆಗಿರಲಿಲ್ಲ.

ಹನ್ನೊಂದನೇ ದಿನದ ತಿಥಿಗೆ ಗುಂಡ್ಲುಪೇಟೆಗೆ ಹೋದೆ. ಮನೆಯ ಮುಂದೆ ಶಾಮಿಯಾನದ ಕೆಳಗೆ ಲೆಕ್ಚರರು ಕೂತಿದ್ದರು, ರಿಟೈರಾಗಿದ್ದರು. ಪಕ್ಕದಲ್ಲಿ ಕೂರಿಸಿಕೊಂಡು, "ಒಳ್ಳೇ ಹೆಂಗಸಮ್ಮ. ಬುದ್ಧಿವಂತೆ. ಆ ಕಳಪೆ ಮಾಲೊಂದು ಹಾಕ್ಬಾರದಿತ್ತು" ಎಂದರು.

ಸತ್ತ ಮೇಲೂ ಅದೇ ಮಾತು. ನನಗೆ ತಡೆಯಲಾಗಲಿಲ್ಲ. "ಸರ್, ಮಾಲು ಕಳಪೆ ಇರ್ಲಿಲ್ಲ. ಸುಟ್ಟಿದ್ದು ನಾನು" ಎಂದು ಶುರು ಮಾಡಿ, ಕುಂಬಳಕಾಯಿ, ಕುಂಕುಮ, ಒರೆಸಿದ್ದು, ಎಸೆದದ್ದು, ಎಲ್ಲ ಹೇಳಿದೆ. ಅವರು ಕೇಳುತ್ತಾ ಕೇಳುತ್ತಾ ಮುದುಡಿಹೋದರು.

"ಅವತ್ತು ಬೆಳಗ್ಗೆ ನಾನು ಅಂಗಡಿಗೆ ಯಾಕೆ ಬಂದಿದ್ದೆ ಗೊತ್ತೇನಮ್ಮ?" ಎಂದರು. "ಹಬ್ಬಕ್ಕೆ ಮುಂಚೆ ಕಮಿಟಿ ಕೂತಿತ್ತು. ನಿಮ್ಮ ಅಕ್ಕನ ವಾದವೇ ಸರಿ ಅಂತ ನಾನೇ ಎಲ್ಲರನ್ನೂ ಒಪ್ಪಿಸಿದ್ದೆ. ಹದಿನೈದೂ ನೀವೇ ಜೋಡಿಸಿ ಅನ್ನೋ ಪತ್ರ ನನ್ನ ಬ್ಯಾಗಲ್ಲಿತ್ತು. ಕೊಡದೆ ವಾಪಸ್ ತಗೊಂಡು ಹೋದೆ."

"ಅಕ್ಕನಿಗೆ ಗೊತ್ತಿರ್ಲಿಲ್ಲ ಅಲ್ವಾ ಸರ್?" ಎಂದು ಕೇಳಿದೆ. ಗೊತ್ತಿರಲಿಲ್ಲ ಎಂದುಬಿಡಲಿ ದೇವರೇ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ.

"ಗೊತ್ತಿತ್ತಮ್ಮ. ಹಿಂದಿನ ದಿನವೇ ಅವರ ತಾಯಿ ಮನೆಗೆ ಫೋನ್ ಮಾಡಿ ಹೇಳಿದ್ದೆ."