ಗಂಟು ಹಾಕಿದ ಗರಿ

ನಾನು ಚಿಕ್ಕವಳಿದ್ದಾಗ ಒಂದು ಕಡೆ ಕೂತವಳೇ ಅಲ್ಲ. ಈಗಲೂ ಕೂರುವುದಿಲ್ಲ ಎಂದು ನೀವು ನಗುತ್ತೀರಿ. ನಗಿ, ನನಗೇನು! ಆದರೆ ಒಂದು ವಾರದಿಂದ ಈ ಅಜ್ಜಿ ಯಾಕೆ ಬೀರುವಿನ ಬಾಗಿಲು ತೆಗೆದು ಮುಚ್ಚಿ ಮಾಡುತ್ತಿದ್ದಾಳೆ ಎಂದು ಕೇಳಿದಿರಲ್ಲ, ಅದಕ್ಕೆ ಉತ್ತರ ಹೇಳಬೇಕಾದರೆ ನನ್ನ ಎಂಟನೆಯ ವಯಸ್ಸಿನ ಒಂದು ಮಂಗಳವಾರಕ್ಕೆ ಹೋಗಬೇಕು.

ನಮ್ಮ ಊರು ಕ್ಯಾತನಹಳ್ಳಿಯಿಂದ ನಡೆದು ಹೋಗುವಷ್ಟು ದೂರ. ಸುತ್ತ ಕಬ್ಬಿನ ಗದ್ದೆ, ಗಾಳಿ ಬೀಸಿದ ಕಡೆಯಿಂದ ಆಲೆಮನೆಯ ಬೆಲ್ಲದ ವಾಸನೆ. ಊರಿನಲ್ಲಿ ಕ್ರೈಸ್ತರ ಮನೆಗಳು ಒಂಬತ್ತೇ ಒಂಬತ್ತು, ಒಂದು ಹೆಂಚಿನ ಪುಟ್ಟ ಚರ್ಚು. ಸ್ವಾಮಿಗಳು, ಅಂದರೆ ನಮ್ಮ ಪಾದ್ರಿಗಳು, ಶ್ರೀರಂಗಪಟ್ಟಣದ ಕಡೆಯಿಂದ ಸೈಕಲ್ಲು ತುಳಿದುಕೊಂಡು ಅಪರೂಪಕ್ಕೆ ಬರುತ್ತಿದ್ದರು. ಉಳಿದ ದಿನ ಗಂಟೆ ಹೊಡೆಯುವುದು, ದೀಪ ಹಚ್ಚುವುದು, ಮಕ್ಕಳನ್ನು ಕೂರಿಸಿ ಜಪ ಕಲಿಸುವುದು ಎಲ್ಲ ಅವ್ವನದೇ. ನಾಟಿ ಹಾಕುವಾಗಲೂ ಅವ್ವನ ತುಟಿ ಅಲುಗುತ್ತಿತ್ತು. ಊರಿನ ಯಾವ ಮನೆಯಲ್ಲಿ ಹೆರಿಗೆಯಾದರೂ, ಯಾರು ಕಾಯಿಲೆ ಬಿದ್ದರೂ, ಜಪಸರವನ್ನು ಸೆರಗಿಗೆ ಕಟ್ಟಿಕೊಂಡು ಹೊರಟುಬಿಡುತ್ತಿದ್ದಳು.

ಈಸ್ಟರ್ ಹಬ್ಬಕ್ಕೆ ಒಂದು ವಾರ ಮುಂಚೆ ಬರುವ ಗರಿಗಳ ಭಾನುವಾರ ನಮಗೆಲ್ಲ ಮಂತ್ರಿಸಿದ ತೆಂಗಿನ ಗರಿ ಸಿಗುತ್ತಿತ್ತು. ಅದನ್ನು ಮನೆಯ ಶಿಲುಬೆಯ ಹಿಂದೆ ಸಿಕ್ಕಿಸಿ ವರ್ಷವಿಡೀ ಕಾಪಾಡಬೇಕು. ಮುಂದಿನ ವರ್ಷ ಆ ಒಣಗಿದ ಗರಿಗಳನ್ನೆಲ್ಲ ಚರ್ಚಿಗೆ ಹಿಂದಿರುಗಿಸಬೇಕು. ಅವುಗಳನ್ನು ಸುಟ್ಟ ಬೂದಿಯನ್ನೇ, ಉಪವಾಸಕಾಲ ಶುರುವಾಗುವ ಬೂದಿ ಬುಧವಾರ, ಎಲ್ಲರ ಹಣೆಗೆ ಇಡುವುದು. ಹಿಂದಿನ ದಿನವೇ ಮನೆಮನೆಗೆ ಹೋಗಿ ಗರಿ ಕೇಳಿ ತರುವವಳು ಅವ್ವ. "ಒಂದೆಳೆನೂ ಇಟ್ಕಬ್ಯಾಡಿ, ಎಲ್ಲಾನೂ ಕೊಡಿ" ಎಂದು ಬಾಗಿಲಲ್ಲೇ ನಿಂತು ಹೇಳುವಳು. ಆ ವಿಷಯದಲ್ಲಿ ಅವಳು ಬಲು ಕಟ್ಟುನಿಟ್ಟು.

ಆ ಮಂಗಳವಾರ ಬೆಳಿಗ್ಗೆ ಅವ್ವ ಒಂಬತ್ತು ಮನೆಯ ಗರಿಯನ್ನೂ ಹಳೆ ಸೀರೆಯ ಅಂಚಿನಲ್ಲಿ ಕಟ್ಟಿ, ಬೆಚ್ಚಗಿರಲಿ ಎಂದು ಬಚ್ಚಲೊಲೆಯ ಮೇಲಿನ ಹಲಗೆಯ ಮೇಲಿಟ್ಟು ಗದ್ದೆಗೆ ಹೋದಳು. ಅಕ್ಕ ನನಗೆ ಹಂಡೆಗೆ ಉರಿ ಹಾಕಲು ಹೇಳಿದಳು. ಸೌದೆ ಹಸಿ. ಊದಿ ಊದಿ ಕಣ್ಣು ಉರಿದು, ಮೂಗಿನಲ್ಲಿ ನೀರು ಬಂತು. ಕಾಯುವ ತಾಳ್ಮೆ ನನಗೆಲ್ಲಿ? ಕೈ ಮೇಲೆ ಚಾಚಿದೆ, ಸಿಕ್ಕಿದ ಕಟ್ಟನ್ನು ಎಳೆದು ಒಲೆಗೆ ತುರುಕಿದೆ. ಉರಿ ಭಗ್ಗೆಂದಿತು. ಬೆಂಕಿಯಲ್ಲಿ ಅವ್ವನ ಸೀರೆಯ ಅಂಚು ಸುರುಟಿಕೊಳ್ಳುವುದು ಕಂಡಾಗಲೇ ನಾನೇನು ಮಾಡಿದೆ ಎಂದು ತಿಳಿದದ್ದು.

ಸ್ವಾಮಿಗಳು ಬರುವುದು ಸಾಯಂಕಾಲಕ್ಕೆ. ಅಲ್ಲಿಯವರೆಗೆ ನನ್ನ ಪಾಡು ಯಾರಿಗೂ ಬೇಡ. ಹಿತ್ತಲಿಗೆ ಓಡಿದೆ, ಬೀದಿಗೆ ಬಂದೆ, ಮತ್ತೆ ಒಳಗೆ ಬಂದೆ. ಗದ್ದೆಯ ಬದುವಿನಲ್ಲಿ ಬಿದ್ದಿದ್ದ ಒಣ ಗರಿಗಳನ್ನು ಆರಿಸಿ ತಂದು ಅಂಥದೇ ಒಂದು ಕಟ್ಟು ಕಟ್ಟಿ ಹಲಗೆಯ ಮೇಲಿಟ್ಟೆ. ಯಾರಿಗೂ ಗೊತ್ತಾಗುವುದಿಲ್ಲ, ಗರಿ ಎಂದರೆ ಗರಿ ತಾನೇ? ಆದರೆ ನಾಳೆ ಅವ್ವ ಕಣ್ಣು ಮುಚ್ಚಿ ಆ ಸುಳ್ಳು ಬೂದಿಗೆ ಹಣೆ ಒಡ್ಡುವುದು ಕಣ್ಣ ಮುಂದೆ ಬಂತು. ಮಧ್ಯಾಹ್ನ ಅವ್ವ ಗದ್ದೆಯಿಂದ ಬಂದು ಮುದ್ದೆ ಬಡಿಸಿದರೆ, ನಾನು ತಟ್ಟೆಯ ಮುಂದೆ ಕೂತೆ, ಎದ್ದೆ, ಮತ್ತೆ ಕೂತೆ.

"ಯಾಕಮ್ಮಿ ಇಂಗೆ ಒದ್ದಾಡ್ತಿದ್ದೀಯಾ? ಕಾಲಿಗೆ ಇರುವೆ ಅತ್ಕಂಡವಾ?" ಅವ್ವ ಕೇಳಿದಳು. ಅಷ್ಟೇ ಸಾಕಾಯಿತು. ಅತ್ತುಕೊಂಡು ಎಲ್ಲ ಹೇಳಿಬಿಟ್ಟೆ, ಹಲಗೆಯ ಮೇಲಿನ ಕಳ್ಳ ಕಟ್ಟಿನ ಸಮೇತ.

ಅವ್ವ ಹೊಡೆಯಲಿಲ್ಲ. ಬಚ್ಚಲೊಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಸೌದೆಯ ಬೂದಿಯೊಳಗೆ ಬೆರೆತುಹೋದದ್ದನ್ನು ನೋಡುತ್ತಾ ಇದ್ದಳು. ಆಮೇಲೆ, "ಏಳು. ಎಲ್ಲಾರ ಮನೇಲೂ ನೀನೇ ಯೋಳ್ಬೇಕು" ಎಂದು ನನ್ನ ಕೈ ಹಿಡಿದು ಹೊರಟಳು.

ಮೊದಲ ಮನೆಯಲ್ಲಿ ನಾನು ತಲೆ ತಗ್ಗಿಸಿ ಹೇಳಿದೆ. ಆ ಮನೆಯಾಕೆ ಅವ್ವನ ಮುಖ ನೋಡಿದಳು, ಬಾಗಿಲ ಕಡೆ ನೋಡಿದಳು, ಸರಕ್ಕನೆ ಒಳಗೆ ಹೋಗಿ ರಾಗಿ ತುಂಬಿಡುವ ಮಣ್ಣಿನ ವಾಡೆಯ ಹಿಂದಿನಿಂದ ಒಂದು ಎಳೆ ಗರಿ ತಂದಳು. "ಗುಡ್ಗು ಸಿಡ್ಲು ಬಂದಾಗ ಇರ್ಲಿ ಅಂತ ಒಂದೆಳೆ ಮಡಗಿದ್ದೆ ಕಣಕ್ಕ. ಬೈಬ್ಯಾಡ." ಎರಡನೆಯ ಮನೆಯ ಗರಿ ಕೊಟ್ಟಿಗೆಯ ಬಾಗಿಲ ಮೇಲಿಂದ ಬಂತು, ಹಸುವಿಗೆ ದೃಷ್ಟಿಯಾಗದಿರಲಿ ಎಂದು ಸಿಕ್ಕಿಸಿದ್ದರಂತೆ. ಮೂರನೆಯದು ತೊಟ್ಟಿಲ ಹಾಸಿಗೆಯ ಕೆಳಗಿಂದ. ಅವ್ವನ ಕಟ್ಟುನಿಟ್ಟು ಯಾರ ಮನೆಯ ಹೊಸ್ತಿಲನ್ನೂ ದಾಟಿರಲಿಲ್ಲ! ಎಂಟನೆಯ ಮನೆಯ ಹೊತ್ತಿಗೆ ನನಗೆ ಅಳು ಹೋಗಿ ನಗು ಬರುತ್ತಿತ್ತು. ಅವ್ವನೂ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು.

ಒಂಬತ್ತನೆಯದು ನಮ್ಮದೇ ಮನೆ. "ನಮ್ಮನೇದು ಒಂದೂ ಇಲ್ವಲ್ಲವ್ವ" ಎಂದೆ.

ಅವ್ವ ಒಳಗೆ ಹೋದಳು. ತನ್ನ ಟ್ರಂಕು ತೆಗೆದು, ಮದುವೆ ಸೀರೆಯ ಮಡಿಕೆಯೊಳಗಿಂದ ಒಂದು ಗರಿ ತೆಗೆದಳು. ಅದಕ್ಕೆ ಮೂರು ಗಂಟು ಹಾಕಿತ್ತು. ನೋಡಿದೊಡನೆ ಗುರುತು ಸಿಕ್ಕಿತು. ಹಿಂದಿನ ಗರಿಗಳ ಭಾನುವಾರ ಅಪ್ಪನ ಹೆಗಲ ಮೇಲೆ ಕೂತು ಆ ಗಂಟುಗಳನ್ನು ಹಾಕಿದವನು ನನ್ನ ತಮ್ಮ. ಅವನಿಗೆ ಆಗ ನಾಲ್ಕು ವರ್ಷ. ಮಳೆಗಾಲದಲ್ಲಿ ಜ್ವರ ಬಂದು ಹೋಗಿಬಿಟ್ಟ. ಅವನ ಪಟವೂ ನಮ್ಮಲ್ಲಿರಲಿಲ್ಲ.

"ಎಲ್ಲಾರ್ಗೂ ಕೊಡಿ ಕೊಡಿ ಅಂದೋಳೇ ಇಟ್ಕಂಡಿದ್ದೆ ಕಣಮ್ಮಿ" ಎಂದಳು. ನನಗೆ ಅವಳ ಮುಖ ನೋಡಲಾಗಲಿಲ್ಲ. ಅದನ್ನು ಒಳಗಿಡು, ಎಂಟೇ ಸಾಕು ಎಂದು ಸೆರಗು ಎಳೆದೆ. ಅವಳು ಕೇಳಲಿಲ್ಲ.

ಚರ್ಚಿನ ಅಂಗಳದಲ್ಲಿ ಮಣ್ಣಿನ ಮಡಕೆ ಇಟ್ಟಿದ್ದರು. ಸ್ವಾಮಿಗಳು ಒಂದೊಂದೇ ಗರಿ ಮುರಿದು ಹಾಕುತ್ತಾ, ಗಂಟಿನ ಗರಿ ಕೈಗೆ ಬಂದಾಗ ನಿಲ್ಲಿಸಿದರು. ತಮ್ಮನನ್ನು ಮಣ್ಣು ಮಾಡಿದವರು ಅವರೇ, ಅವರಿಗೆ ತಿಳಿಯಿತು. "ಇದನ್ನ ನೀವೇ ಇಟ್ಕೊಳ್ಳಿ ತಾಯಿ, ತಪ್ಪಿಲ್ಲ" ಎಂದು ಹಿಂದಕ್ಕೆ ನೀಡಿದರು.

ಅವ್ವ ಕೈ ಚಾಚಿದಳು, ಮತ್ತೆ ಎಳೆದುಕೊಂಡಳು. "ಸೇರ್ಸ್ಬುಡಿ ಸ್ವಾಮಿ. ನಾಳೀಕೆ ಎಲ್ರ ಅಣೆ ಮೇಲೂ ಇರ್ತಾನೆ."

ಮರುದಿನ ಪೂಜೆ ಮುಗಿದ ಮೇಲೆ ನಾನು ಒಬ್ಬೊಬ್ಬರ ಹಣೆಯನ್ನೂ ನೋಡುತ್ತಾ ಊರೆಲ್ಲ ಸುತ್ತಿದೆ. ಅಪ್ಪನ ಹಣೆ, ಅಕ್ಕನ ಹಣೆ, ಸಿಡಿಲಿಗೆ ಹೆದರುವ ಆ ಮನೆಯಾಕೆಯ ಹಣೆ. ಎರಡು ದಿನ ನಾನು ಮುಖ ತೊಳೆಯಲಿಲ್ಲ. ಅವ್ವ ಬೈಯಲಿಲ್ಲ.

ಈಗ ಪಾಂಡವಪುರದ ಈ ಮನೆಯಲ್ಲಿ ಗುಂಡಿ ಒತ್ತಿದರೆ ಬಿಸಿನೀರು. ಹಳೆ ಗರಿ ತನ್ನಿ ಎಂದು ಮನೆಮನೆಗೆ ಯಾರೂ ಬರುವುದಿಲ್ಲ, ನಿಮ್ಮ ಅಮ್ಮನ ಫೋನಿಗೆ ಮೆಸೇಜು ಬರುತ್ತದೆ. ನಿಮ್ಮ ಪಟಗಳೋ, ಎಣಿಸಿದರೆ ಮುಗಿಯುವುದಿಲ್ಲ. ನಿಮ್ಮ ಅಪ್ಪನನ್ನು ಎತ್ತಿ ಆಡಿಸಿ, ಶಿಲುಬೆಯ ಗುರುತು ಹಾಕುವುದನ್ನು ಕಲಿಸಿದ ಅದೇ ಅವ್ವ ಹೋದ ಮಳೆಗಾಲದಲ್ಲಿ ತೀರಿಕೊಂಡಳು. ಕೊನೆಯ ಗರಿಗಳ ಭಾನುವಾರ ಅವಳಿಗೆ ಚರ್ಚಿಗೆ ಬರಲಾಗಲಿಲ್ಲ. ನಾನೇ ಗರಿ ತಂದು ಕೈಗಿಟ್ಟೆ. ಇಡೀ ದಿನ ಹಾಸಿಗೆಯಲ್ಲಿ ಅದನ್ನು ಹಿಡಿದುಕೊಂಡೇ ಇದ್ದಳು.

ಆ ಗರಿ ನನ್ನ ಬೀರುವಿನಲ್ಲಿದೆ, ಸೀರೆಯ ಮಡಿಕೆಯಲ್ಲಿ. ನಾಳೆ ಮಂಗಳವಾರ, ಹಳೆ ಗರಿ ಹಿಂದಿರುಗಿಸುವ ದಿನ. ನಿಮ್ಮಲ್ಲಿ ಒಬ್ಬರು ನನ್ನ ಜೊತೆ ಚರ್ಚಿಗೆ ಬನ್ನಿ. ಒಬ್ಬಳೇ ಹೋದರೆ ದಾರಿಯಿಂದಲೇ ವಾಪಸು ಬಂದುಬಿಡುತ್ತೇನೆ, ನನ್ನ ಮೇಲೆ ನನಗೆ ನಂಬಿಕೆಯಿಲ್ಲ. ಬುಧವಾರ ಮಾತ್ರ, ಸ್ಕೂಲ್ ವ್ಯಾನ್ ಬರುವವರೆಗಾದರೂ ಯಾರೂ ಹಣೆ ಒರೆಸಿಕೊಳ್ಳಬೇಡಿ. ನಾನು ಒಬ್ಬೊಬ್ಬರದನ್ನೂ ನೋಡಬೇಕು.